ದಿಗಿಲಿನ ಚರಿತ್ರೆ

ಮಂಜರಾಬಾದ್ ಕೋಟೆಯ ಕೆಳಗೆ, ದೋಣಿಗಲ್ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಕೂತು ನಾನೊಂದು ಅರ್ಜಿ ತುಂಬುತ್ತಿದ್ದೆ. ನಮ್ಮ ಲೈನಿನಲ್ಲಿ ಮೊದಲ ಬಿ.ಎ. ನಾನೇ. ಹಾಗಾಗಿ ರೇಷನ್ ಕಾರ್ಡಿನಿಂದ ಹಿಡಿದು ಸಾವಿನ ಪರಿಹಾರದ ತನಕ ಎಲ್ಲರ ಅರ್ಜಿಯೂ ನನ್ನ ಕೈಗೇ ಬರುತ್ತದೆ. ಆ ದಿನದ ಅರ್ಜಿ ಚಿಕ್ಕವ್ವನದು. ಬೆಳಗಿನ ಜಾವ ಕೆಲಸಕ್ಕೆ ಹೊರಟಿದ್ದ ಆಕೆಯ ಗಂಡನನ್ನು ಆನೆ ತುಳಿದಿತ್ತು. ಹತ್ತು ಮಾರು ಹಿಂದೆ ಬುತ್ತಿ ಹಿಡಿದು ಬರುತ್ತಿದ್ದ ಆಕೆ ಅದನ್ನು ಕಣ್ಣಾರೆ ಕಂಡಿದ್ದಳು. ಅರ್ಜಿಯಲ್ಲಿ ‘ಘಟನೆಯ ವಿವರ’ ಎಂಬ ಕಡೆ ಎರಡೇ ಗೆರೆ ಎಳೆದಿತ್ತು. ನಾನು ತಾರೀಕು, ಜಾಗ, ಹೊತ್ತು ಬರೆದೆ. ಗೆರೆ ತುಂಬಿತು. ಓದಿ ಹೇಳಿದೆ. ಚಿಕ್ಕವ್ವ ಕಾಗದವನ್ನೇ ನೋಡುತ್ತಾ ಕೇಳಿದಳು: “ಇಷ್ಟೇಯಾ ಮಗ ಜಾಗ?”

ಆವತ್ತಿನಿಂದ ಆಕೆಗೆ ನಿದ್ದೆ ಇಲ್ಲ. ಎಲ್ಲೋ ಬಿದಿರು ಮುರಿದ ಸದ್ದಾದರೆ ಒಲೆ ಮೇಲಿನ ಹಿಟ್ಟು ಬಿಟ್ಟು ಓಡುತ್ತಾಳೆ. ಯಾರಿಗೂ ಬಾರದ ಆನೆ ವಾಸನೆ ಆಕೆಯ ಮೂಗಿಗೆ ಬರುತ್ತದೆ. ಆ ದಾರಿ ತುಳಿಯುವುದಿಲ್ಲ. ತುಳಿಯದಿದ್ದರೆ ಕೂಲಿ ಇಲ್ಲ. ಲೈನಿನವರು “ದಿಗಿಲು ಬಡಿದೈತೆ” ಅಂದು ತಾಯ್ತ ಕಟ್ಟಿಸಿದರು. ಮೇಸ್ತ್ರಿ “ಕೆಲಸ ಕಳ್ಳಿ” ಅಂದ. ಔಷಧಿ ಅಂಗಡಿಯವನು ನಿದ್ದೆ ಗುಳಿಗೆ ಕೊಟ್ಟ. ಒಂದೇ ನೋವಿಗೆ ಮೂರು ಹೆಸರು, ಮೂರು ಮದ್ದು. ಯಾವುದೂ ಮುಟ್ಟಬೇಕಾದ ಕಡೆ ಮುಟ್ಟಲಿಲ್ಲ.

ಮನೋವೈದ್ಯರ ಪುಸ್ತಕದಲ್ಲಿ ನಾಲ್ಕನೆಯ ಹೆಸರೊಂದಿದೆ: ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ. ಜೀವಕ್ಕೆ ಕುತ್ತು ಬಂದ ಗಳಿಗೆ ಕಳೆದುಹೋಗದೆ ಮತ್ತೆ ಮತ್ತೆ ಮರಳುವುದು, ಅದನ್ನು ನೆನಪಿಸುವ ಜಾಗದಿಂದ, ಮಾತಿನಿಂದ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮನಸ್ಸು ಮರಗಟ್ಟುವುದು. ಇವು ತಿಂಗಳು ದಾಟಿಯೂ ನಿಂತು ಬದುಕನ್ನು ಕೆಡಿಸಿದರೆ ಆ ಹೆಸರು ಕೊಡುತ್ತಾರೆ. ಚಿಕ್ಕವ್ವನಿಗೆ ಆ ಹೆಸರು ಹಚ್ಚಲು ನಾನು ವೈದ್ಯನಲ್ಲ. ನನ್ನದು ಚರಿತ್ರೆಯ ಪ್ರಶ್ನೆ. ದಿಗಿಲು ಎಲ್ಲರಿಗೂ ಬಡಿಯುತ್ತದೆ. ಯಾರ ದಿಗಿಲು ಪುಸ್ತಕ ಸೇರಿತು? ಯಾರದು ಹೊರಗೇ ನಿಂತಿತು?

ಮೊದಮೊದಲು ಸೇರಿದ್ದರಲ್ಲಿ ರೈಲು ಹತ್ತಿದವರ ದಿಗಿಲೂ ಒಂದು. ಇಂಗ್ಲೆಂಡಿನಲ್ಲಿ ರೈಲು ಅಪಘಾತದಿಂದ ಬದುಕಿ ಬಂದವರು, ಮೈಮೇಲೆ ಗಾಯವಿಲ್ಲದಿದ್ದರೂ ನಡುಗುತ್ತಿದ್ದರು, ನಿದ್ದೆಗೆಡುತ್ತಿದ್ದರು. ಶಸ್ತ್ರವೈದ್ಯ ಜಾನ್ ಎರಿಕ್ಸನ್ 1866ರಲ್ಲಿ ಇದರ ಮೇಲೆ ಪುಸ್ತಕ ಬರೆದ. ಬೆನ್ನುಹುರಿಗೆ ಪೆಟ್ಟು ಬಿದ್ದಿದೆ ಎಂದು ವಾದಿಸಿದ. ರೈಲ್ವೆ ಕಂಪನಿಗಳ ಮೇಲೆ ಪರಿಹಾರದ ದಾವೆಗಳು ನಡೆದವು. ಟಿಕೆಟ್ ಕೊಂಡವನ ದಿಗಿಲಿಗೆ ಬೆಲೆ ಇತ್ತು, ಅದನ್ನು ಅಳೆಯಲು ವೈದ್ಯರೂ ವಕೀಲರೂ ಇದ್ದರು. ನಮ್ಮ ದೋಣಿಗಲ್ ಸ್ಟೇಷನ್ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳಿವೆ. ಅವನ್ನು ಕೊರೆದವರ ರಾತ್ರಿಗಳು ಹೇಗಿದ್ದವು ಎಂದು ಕೇಳಿದವರು ಯಾರು?

ಆಮೇಲೆ ಸಿಪಾಯಿಯ ದಿಗಿಲು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಮಾತು ನಿಂತವರು, ಕಣ್ಣು ಮಂಜಾದವರು, ಕೈಕಾಲು ನಡುಗುವವರು ಸಾಲು ಸಾಲಾಗಿ ಆಸ್ಪತ್ರೆಗೆ ಬಂದರು. ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಇವರ ಬಗ್ಗೆ ಬರೆದ. ಆದರೂ ಹೇಡಿತನ, ಪಲಾಯನದಂಥ ಆರೋಪದ ಮೇಲೆ ಬ್ರಿಟಿಷ್ ಸೈನ್ಯ ತನ್ನವರನ್ನೇ ಗುಂಡಿಟ್ಟು ಕೊಂದಿತು. ಅಂಥ 306 ಮಂದಿಗೆ ಬ್ರಿಟನ್ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಹೆಣಗಳು ಮಣ್ಣಾಗಿ ತೊಂಬತ್ತು ವರ್ಷ ಆಗಿತ್ತು. ಆಳುವವರು ದಿಗಿಲನ್ನು ಮೊದಲು ತಪ್ಪು ಎಂದೇ ಓದುತ್ತಾರೆ. ನಮ್ಮ ಮೇಸ್ತ್ರಿ ಓದಿದ್ದೂ ಹಾಗೇ.

ಇವತ್ತಿನ ಹೆಸರು ಬಂದದ್ದು ಹೋರಾಟದಿಂದ, ಇದನ್ನು ಗೆಳೆಯರು ಗಮನಿಸಬೇಕು. ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರು ಯುದ್ಧದ ವಿರುದ್ಧವೇ ಸಂಘಟನೆ ಕಟ್ಟಿದರು. 1970ರ ಸುಮಾರಿಗೆ ಗುಂಪಾಗಿ ಕೂತು ತಾವು ಕಂಡದ್ದನ್ನೂ ಮಾಡಿದ್ದನ್ನೂ ಒಬ್ಬರಿಗೊಬ್ಬರು ಹೇಳಿಕೊಂಡರು. ಕೈಮ್ ಶಾಟನ್‌ನಂಥ ವೈದ್ಯರು ಅವರ ಪಕ್ಕ ಕೂತು ಕೇಳಿದರು. ಹೊರಗೆ ಹೆಣ್ಣುಮಕ್ಕಳು ಅತ್ಯಾಚಾರದ ನೋವನ್ನು ಮಾತಿಗೆ ತಂದಿದ್ದರು. ಹತ್ತು ವರ್ಷದ ಒತ್ತಾಯದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ಪಿಟಿಎಸ್‌ಡಿ ಎಂಬ ಹೆಸರು ಸೇರಿಸಿತು. ನೊಂದವರು ಕೂಗದೆ ಯಾವ ಪುಸ್ತಕದ ಬಾಗಿಲೂ ತೆರೆಯುವುದಿಲ್ಲ.

ಅದರ ಹಿಂದಿನ ವರ್ಷ, 1979, ನಮ್ಮ ನಾಡಿಗೂ ದೊಡ್ಡ ವರ್ಷ. ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆ ಮುಗಿಯಿತು. ದೋಣಿಗಲ್ ಮೇಲೆ ಹಾಸನ-ಮಂಗಳೂರು ರೈಲು ಓಡಿತು. ನೀರು ಊರುಗಳನ್ನು ನುಂಗಿತು. ಮುಳುಗಡೆಯವರಿಗೆ ಗುಡ್ಡಗಾಡಿನಲ್ಲಿ ಜಮೀನು ಹಂಚಿದರು. ಅದಕ್ಕೂ ನೂರು ವರ್ಷ ಮೊದಲೇ ಬಿಳಿ ದೊರೆಗಳು ಕಾಫಿಗಾಗಿ ಕಾಡು ಕಡಿಸಿದ್ದರು. ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್ 1871ರಲ್ಲಿ ತನ್ನ ಅನುಭವದ ಪುಸ್ತಕ ಅಚ್ಚು ಹಾಕಿಸಿದ. ಅವನ ತೋಟಕ್ಕೆ ಕೊಡಲಿ ಹಿಡಿದವರ ಅನುಭವ ಎಲ್ಲಿ ಅಚ್ಚಾಯಿತು?

ಕಾಡು ಹರಿದು ಚೂರಾದ ಮೇಲೆ ಆನೆ ಹೋಗುವುದೆಲ್ಲಿಗೆ? ಆಲೂರು-ಸಕಲೇಶಪುರದ ತೋಟಗಳೇ ಅದರ ಮನೆಯಾದವು. ಹೈಕೋರ್ಟಿನ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಮತ್ತೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಕಾಡಾನೆಯ ತಿವಿತಕ್ಕೆ ಸತ್ತಾಗ ನಾಡೆಲ್ಲ ಅತ್ತಿತು. ಅಳಲಿ, ಅದು ನ್ಯಾಯವೇ. ಆನೆಯ ಮೇಲೆ ನನಗೆ ಹಗೆಯಿಲ್ಲ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಗೇ ಬ್ರಾಡ್‌ಶಾ ಮತ್ತು ಸಂಗಡಿಗರು ಬರೆದರು: ತಾಯಿಯನ್ನು ಕೊಲ್ಲುವುದನ್ನು ಕಂಡ ಆಫ್ರಿಕದ ಆನೆಮರಿಗಳಲ್ಲೂ ಇದೇ ಆಘಾತದ ಗುರುತುಗಳಿವೆ, ಅಂಥ ಮರಿಗಳು ಬೆಳೆದು ಹುಚ್ಚೆದ್ದು ಘೇಂಡಾಮೃಗಗಳನ್ನು ಕೊಂದಿವೆ. ಅಂದರೆ ನಮ್ಮ ಕಾಲುದಾರಿಯಲ್ಲಿ ಎದುರಾಗುವ ಎರಡು ಜೀವಗಳೂ ದಿಗಿಲು ಬಡಿದವೇ ಇರಬಹುದು. ಆ ದಾರಿಗೆ ಎರಡನ್ನೂ ತಳ್ಳಿದವನು ಮಾತ್ರ ಕಾರಿನಲ್ಲಿ ಹೋಗುತ್ತಾನೆ.

ಸುಶ್ರುತ ಜಾಧವ್ ಮತ್ತು ಮಾನ್ ಬರುವಾ ಅಸ್ಸಾಮಿನ ಹಳ್ಳಿಗರ ನಡುವೆ ಕೂತು 2012ರಲ್ಲಿ ಪ್ರಕಟಿಸಿದ ಸಂಶೋಧನೆ ನಮಗೆ ತೀರ ಹತ್ತಿರದ್ದು. ಆನೆ ಕೊಂದ ಮನೆಗಳಲ್ಲಿ ಸಾವಿನ ಲೆಕ್ಕ, ಬೆಳೆಯ ಲೆಕ್ಕ ಸರ್ಕಾರಕ್ಕೆ ಸಿಗುತ್ತದೆ. ಉಳಿದವರ ಮನಸ್ಸು ಕುಸಿದದ್ದು, ಕಾವಲಿನ ನಿದ್ದೆಗೇಡು, ಕುಡಿತ, ಸಾಲ ಲೆಕ್ಕದ ಹೊರಗೇ ಉಳಿಯುತ್ತವೆ ಎಂದು ಅವರು ತೋರಿಸಿದರು. ಬಡವರಿಗೆ ಈ ಏಟು ಹೆಚ್ಚು ಆಳ. ಇದನ್ನು ಓದುವಾಗ ನನ್ನ ಕಣ್ಣಿಗೆ ಕಂಡದ್ದು ಆ ಎರಡು ಗೆರೆ.

ಹಾಗಂತ ನಮ್ಮ ರಾಜ್ಯದಲ್ಲಿ ಏನೂ ನಡೆದಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಎಪ್ಪತ್ತರ ದಶಕದಲ್ಲೇ ಅಲ್ಲಿನ ಕೆಲವರು ಗೋಡೆ ದಾಟಿ ಸಕಲವಾರ ಎಂಬ ಹಳ್ಳಿಗೆ ಹೋದರು. ಹಳ್ಳಿಯ ವೈದ್ಯನಿಗೆ, ಆರೋಗ್ಯ ಕಾರ್ಯಕರ್ತೆಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಬಹುದೇ ಎಂದು ನೋಡಿದರು. ಕಲಿಸಬಹುದಿತ್ತು. ಅದೇ ಮಾದರಿಯನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದರು. ಅದನ್ನು ನೋಡಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ್ದು ಕನ್ನಡದ ಹಳ್ಳಿಗಾಡು.

ಆಘಾತದ ಪಾಠವೂ ಇಲ್ಲೇ ಶುರುವಾಗಿತ್ತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಹೆತ್ತವರ, ಬಂಧುಗಳ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. 1984ರಲ್ಲಿ ಭೋಪಾಲದ ವಿಷಾನಿಲ ಬಂತು. ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು, ಕೈಪಿಡಿ ಬರೆದರು. ಕಣ್ಣಿನ ಉರಿಗೂ ಎದೆಯ ಉಬ್ಬಸಕ್ಕೂ ಮದ್ದು ಕೊಡುವ ವೈದ್ಯ ನಿದ್ದೆ ಬಾರದ ಕಥೆಯನ್ನೂ ಕೇಳಬೇಕು ಎಂಬುದು ಅದರ ತಿರುಳು.

ಆದರೂ ಬಾಗಿಲು ದೂರವೇ ಉಳಿದಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ಕಂಡಿತು. ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ! 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕು ಎಂದಿತು, ಜಾತಿ-ವರ್ಗದ ತಾರತಮ್ಯ ಕೂಡದು ಎಂದಿತು, ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿತು. 2022ರಲ್ಲಿ ಟೆಲಿ-ಮಾನಸ್ ಎಂಬ ಫೋನ್ ಸೇವೆಯೂ ಬಂತು, ಸಂಖ್ಯೆ 14416. ಒಳ್ಳೆಯದೇ. ಆದರೆ ಬೆಟ್ಟದ ಮರೆಯಲ್ಲಿ ಸಿಗ್ನಲ್ ಸಿಗದ ಲೈನಿನಲ್ಲಿ ಹಕ್ಕು ಎಷ್ಟು ಸಲ ರಿಂಗಾಗುತ್ತದೆ?

ಇಲ್ಲಿ ನನಗೆ ಆ ಹೆಸರಿನ ಮೇಲೇ ಒಂದು ತಕರಾರಿದೆ. ‘ಆಘಾತೋತ್ತರ’ ಅನ್ನುತ್ತಾರೆ. ಆಘಾತದ ಉತ್ತರ, ಅಂದರೆ ಆಘಾತದ ನಂತರ. ನಂತರ ಎಂಬುದು ಯಾರಿಗಿದೆ? ಸಿಪಾಯಿ ಯುದ್ಧ ಮುಗಿಸಿ ಮನೆಗೆ ಬಂದ. ಚಿಕ್ಕವ್ವ ನಾಳೆ ಮತ್ತೆ ಅದೇ ದಾರಿಯಲ್ಲಿ ಹೋಗಬೇಕು, ಆನೆಯೂ ಅಲ್ಲೇ ಇದೆ. 2021ರಲ್ಲೂ 2022ರಲ್ಲೂ ಮಳೆಗಾಲದಲ್ಲಿ ದೋಣಿಗಲ್ ಬಳಿ ಹೆದ್ದಾರಿಯೇ ಕುಸಿಯಿತು. ಪ್ರತಿ ಜುಲೈಯಲ್ಲೂ ಮಣ್ಣಿನ ಸದ್ದಿಗೆ ಕಿವಿಗೊಟ್ಟು ಮಲಗುವವರಿಗೆ ನಂತರ ಯಾವುದು? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾದರು. ಆರೋಪಿಗಳು 2006ರಲ್ಲಿ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಡುಗುವ ನಾಲಗೆಯನ್ನು ಕಾನೂನು ‘ಪ್ರತಿಕೂಲ’ ಎಂದು ಬರೆದುಕೊಳ್ಳುತ್ತದೆ. ಅದು ಏಕೆ ನಡುಗಿತು ಎಂದು ಬರೆಯಲು ಅಲ್ಲೂ ಗೆರೆ ಇಲ್ಲ.

ಅಸ್ಪೃಶ್ಯತೆಯ ಗಾಯ ಒಂದು ದಿನದ ಘಟನೆಯೂ ಅಲ್ಲ. ಬಾಬಾಸಾಹೇಬರು ಒಂಬತ್ತು ವರ್ಷದ ಹುಡುಗನಾಗಿದ್ದಾಗ, 1901ರಲ್ಲಿ, ತಂದೆಯನ್ನು ನೋಡಲು ಹೊರಟು ದಾರಿಯಲ್ಲಿ ಗಾಡಿಯೂ ನೀರೂ ಸಿಗದೆ ಪಟ್ಟ ಪಾಡನ್ನು ಹಲವು ವರ್ಷಗಳ ಮೇಲೆ ಬರೆದಿಟ್ಟರು. ಅದು ಮನಸ್ಸಿನಲ್ಲಿ ಅಳಿಸಲಾಗದ ಗುರುತು ಉಳಿಸಿತು ಎಂದೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಿಂದ ಜಾರಿಯಲ್ಲಿದೆ. ತಪ್ಪಿಸಿಕೊಳ್ಳಲಾಗದ, ಮತ್ತೆ ಮತ್ತೆ ಬೀಳುವ ಏಟಿನಿಂದ ಬರುವ ‘ಸಂಕೀರ್ಣ’ ಆಘಾತವನ್ನು ಅದು ಬೇರೆಯಾಗಿ ಗುರುತಿಸುತ್ತದೆ. ಉದಾಹರಣೆಗಳಲ್ಲಿ ಗುಲಾಮಗಿರಿಯನ್ನೂ ಹೆಸರಿಸುತ್ತದೆ. ಅಸ್ಪೃಶ್ಯತೆಯ ಹೆಸರು ಅಲ್ಲಿಲ್ಲ. ಬಾಗಿಲು ಅರ್ಧ ತೆರೆದಿದೆ. ಕೂಗುವುದು ನಮ್ಮ ಸರದಿ.

ಕೂಗಿ ಏನು ಕೇಳೋಣ? ನೊಂದವರೆಲ್ಲ ರೋಗಿಗಳು ಎಂದು ಹಣೆಪಟ್ಟಿ ಹಚ್ಚಿಸಿಕೊಳ್ಳುವುದಲ್ಲ. ಹೆಚ್ಚಿನವರು ನೆರೆಹೊರೆಯ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ ಎಂದು ಸಂಶೋಧನೆಯೇ ಹೇಳುತ್ತದೆ. ಏಟು ಬಿದ್ದ ಕೂಡಲೇ ಒತ್ತಾಯದಿಂದ ಎಲ್ಲ ಹೇಳಿಸುವುದು ಬೇಡ, ಮೊದಲ ತಿಂಗಳಲ್ಲಿ ನಿದ್ದೆ ಗುಳಿಗೆಯಂಥ ಮತ್ತಿನ ಮದ್ದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮೊದಲು ಬೇಕಾದ್ದು ಅನ್ನ, ಸೂರು, ಜೊತೆ, ಭಯವಿಲ್ಲದ ದಾರಿ. ಆಮೇಲೂ ದಿಗಿಲು ಬಿಡದವರಿಗೆ ಚಿಕಿತ್ಸೆ ಇದೆ. ನಂಬುವ ಒಬ್ಬರ ಎದುರು, ಸುರಕ್ಷಿತ ಜಾಗದಲ್ಲಿ, ಆ ನೆನಪನ್ನು ಮೆಲ್ಲಗೆ ಮೊದಲಿನಿಂದ ಕೊನೆತನಕ ಹೇಳಿ ಹಾಯುವುದು. ಕೆಲವರಿಗೆ ಮದ್ದೂ ಬೇಕು.

ಇದಕ್ಕೆ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಉಗಾಂಡದ ನಿರಾಶ್ರಿತರ ಶಿಬಿರದಲ್ಲಿ ನಿರಾಶ್ರಿತರಿಗೇ ತರಬೇತಿ ಕೊಟ್ಟರು. ಅವರ ಚಿಕಿತ್ಸೆಯಿಂದ ರುವಾಂಡ, ಸೊಮಾಲಿಯದ ಜನರ ಆಘಾತ ಇಳಿಯಿತು ಎಂದು ಫ್ರಾಂಕ್ ನೊಯ್ನರ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತವರ ತಂಡ ಖಿನ್ನತೆಗೆ ಹೀಗೇ ಸ್ಥಳೀಯರಿಂದ ಆರೈಕೆ ಕೊಡಿಸಿ ತೋರಿಸಿತು. ಉಗಾಂಡದ ಆ ಚಿಕಿತ್ಸೆಯಲ್ಲಿ ನನ್ನ ಎದೆಗೆ ತಾಕಿದ್ದು ಒಂದು ವಿಧಾನ. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ, ಅದು ಬದುಕು. ಒಳ್ಳೆಯ ದಿನಕ್ಕೆ ಹೂವು, ಕೆಟ್ಟ ದಿನಕ್ಕೆ ಕಲ್ಲು. ಹೇಳುವವರು ಹೇಳುತ್ತಾರೆ, ಕೇಳುವವರು ಬರೆಯುತ್ತಾರೆ. ಕೊನೆಗೆ ಆ ಬರಹವನ್ನು ಹೇಳಿದವರ ಕೈಗೇ ಕೊಡುತ್ತಾರೆ. ಅದು ಅವರ ಚರಿತ್ರೆ.

ಸಕಲೇಶಪುರ, ಆಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಆಗಬೇಕು. ಲೈನಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಸಂಬಳ ಕೊಟ್ಟು ಮಾಡಿಸಬೇಕು. ಪರಿಹಾರದ ಹಣದ ಜೊತೆಗೆ ಉಳಿದವರ ಆರೈಕೆಯೂ ಹಕ್ಕಾಗಬೇಕು. ಬೆಳಕು ಹರಿಯುವ ಮುನ್ನ ಆನೆ ದಾರಿಯಲ್ಲಿ ಕೂಲಿಯವರನ್ನು ನಡೆಸುವುದು ನಿಲ್ಲಬೇಕು. ದಾರಿ ಬದಲಾಗದೆ ಬರೀ ಮನಸ್ಸನ್ನು ರಿಪೇರಿ ಮಾಡುವುದು ಒಡೆಯರಿಗೆ ಅಗ್ಗದ ಕೆಲಸ.

ಆವತ್ತು ನಾನು ಅರ್ಜಿಯ ಹಿಂಬದಿ ತಿರುಗಿಸಿದೆ. “ಹೇಳು ಚಿಕ್ಕವ್ವ, ಇಲ್ಲಿ ಜಾಗ ಐತೆ” ಅಂದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಇವತ್ತು ಬ್ಯಾಡ ಮಗ. ನಾಳಿಕೆ ಬಾ. ಕಾಗ್ದ ಜಾಸ್ತಿ ತಗಂಬಾ.”