ಮದರಂಗಿಯ ಪೊಟ್ಟಣ, ಮೂರು ಬಣ್ಣ

ಒಂದೇ ಅಂಗಡಿಯಿಂದ ಮೂರು ಕಂಪೆನಿಗಳ ಮೆಹಂದಿ ಪೊಟ್ಟಣಗಳನ್ನು ತಂದು, ನರೆತ ಕೂದಲಿನ ಮೂರು ಎಳೆಗಳಿಗೆ ಬೇರೆ ಬೇರೆಯಾಗಿ ಮೆತ್ತಿ ನೋಡಿದರೆ ಸೋಜಿಗವೊಂದು ಕಾಣಸಿಗುತ್ತದೆ. ಒಂದು ಎಳೆ ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಹೊಳೆಯುತ್ತದೆ. ಇನ್ನೊಂದು ಕಡುಗಂದು. ಮತ್ತೊಂದು ಕಾಗೆಯ ರೆಕ್ಕೆಯಷ್ಟು ಕಪ್ಪು. ಮೂರು ಪೊಟ್ಟಣಗಳ ಮೇಲೂ ಹಸಿರು ಎಲೆಯ ಚಿತ್ರ, ಮೂರರಲ್ಲೂ ಮೆಹಂದಿ ಎಂಬ ಹೆಸರು. ‘ಇವರದು ಚೆನ್ನಾಗಿ ಹಿಡಿಯುತ್ತದೆ, ಅವರದು ಹಿಡಿಯುವುದೇ ಇಲ್ಲ’ ಎಂದು ಮನೆ ಮನೆಗಳಲ್ಲಿ ನಡೆಯುವ ಚರ್ಚೆಗೆ ಇದೇ ಮೂಲ. ಆದರೆ ಮದರಂಗಿಯ ಎಲೆಯಲ್ಲಿ ಕೂದಲಿಗೆ ಹಿಡಿಯುವ ಬಣ್ಣ ಇರುವುದು ಒಂದೇ, ಅದು ಕೆಂಪು ಬೆರೆತ ಕಿತ್ತಳೆ. ಹಾಗಿದ್ದ ಮೇಲೆ ಉಳಿದ ಬಣ್ಣಗಳು ಪೊಟ್ಟಣದೊಳಕ್ಕೆ ಹೊಕ್ಕಿದ್ದು ಹೇಗೆ?

ಗಿಡದ ಹೆಸರಿನಿಂದಲೇ ಆರಂಭಿಸಬಹುದು. ಕರಾವಳಿಯ ಮದುವೆ ಮನೆಗಳಲ್ಲಿ ಇದು ಮದರಂಗಿ. ಬಯಲುಸೀಮೆಯ ಹಲವೆಡೆ ಗೋರಂಟಿ. ಸಂಸ್ಕೃತದ ನಿಘಂಟುಕಾರರು ಮದಯಂತಿಕಾ ಎಂದರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ತನ್ನ ಸ್ನೇಹಿತ ಹಾಗೂ ಪೋಷಕನಾಗಿದ್ದ ಸ್ಕಾಟ್ಲೆಂಡಿನ ವೈದ್ಯ ಐಸಾಕ್ ಲಾಸನ್ ನೆನಪಿಗೆ ಲಾಸೋನಿಯ ಎಂಬ ಹೆಸರಿಟ್ಟ. ತಮಾಷೆಯೆಂದರೆ, ಆತ ಒಂದೇ ಗಿಡವನ್ನು ಎರಡೆಂದು ಎಣಿಸಿದ್ದ. ಎಳೆಯ ಗಿಡಕ್ಕೆ ಮುಳ್ಳಿಲ್ಲ, ಬಲಿತ ರೆಂಬೆಯ ತುದಿ ಮುಳ್ಳಾಗುತ್ತದೆ. ಮುಳ್ಳಿಲ್ಲದ್ದಕ್ಕೆ ‘ಇನರ್ಮಿಸ್’, ಮುಳ್ಳಿದ್ದದ್ದಕ್ಕೆ ‘ಸ್ಪೈನೋಸ’ ಎಂದು ಬರೆದಿಟ್ಟ. ಸಸ್ಯಶಾಸ್ತ್ರಜ್ಞರು ಒಂದು ಗಿಡಕ್ಕೆ ಎರಡು ಹೆಸರು ಕೊಟ್ಟು ಆಮೇಲೆ ತಿದ್ದಿಕೊಂಡರು. ವ್ಯಾಪಾರಿಗಳು ಮಾಡಿದ್ದು ತದ್ವಿರುದ್ಧ: ಮೂರು ಗಿಡಗಳಿಗೆ ಒಂದೇ ಹೆಸರು ಕೊಟ್ಟರು, ತಿದ್ದಿಕೊಳ್ಳಲಿಲ್ಲ.

ಎಲೆಯೊಳಗಿನ ಬಣ್ಣದ ವಸ್ತುವಿಗೆ ಲಾಸೋನ್ ಎಂದು ಹೆಸರು. ಒಣ ಎಲೆಯ ತೂಕದಲ್ಲಿ ಅದರ ಪಾಲು ಶೇಕಡ 1ರಿಂದ 2ರ ಆಸುಪಾಸು ಮಾತ್ರ. ಗಿಡದಲ್ಲಿರುವಾಗ ಅದು ಸಕ್ಕರೆಯ ಅಣುವಿನೊಂದಿಗೆ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಪುಡಿಯನ್ನು ನೀರಿನಲ್ಲಿ ಕಲಸಿ ಕೆಲವು ಗಂಟೆ ಬಿಟ್ಟಾಗ ಕಟ್ಟು ಬಿಚ್ಚಿಕೊಳ್ಳುತ್ತದೆ. ಹೆಂಗಸರು ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಹಚ್ಚಿಕೊಳ್ಳುತ್ತಿದ್ದುದರ ಗುಟ್ಟು ಇದೇ. ಲಿಂಬೆರಸದಂಥ ಹುಳಿ ಬೆರೆಸಿದರೆ ಬಿಡುಗಡೆಯಾದ ಬಣ್ಣ ಗಾಳಿಗೆ ಬೇಗ ಕೆಡುವುದಿಲ್ಲ. ಬಳಿಕ ಲಾಸೋನ್ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವುದರಿಂದ ಎಷ್ಟು ತೊಳೆದರೂ ಪೂರ್ತಿ ಹೋಗದು. ಆದರೆ ಅದು ಕೂದಲಿನ ಸಹಜ ಕಪ್ಪನ್ನು ಅಳಿಸಲಾರದು. ಕರಿಯ ಕೂದಲಿನ ಮೇಲೆ ಬಿಸಿಲಿನಲ್ಲಷ್ಟೇ ಕಾಣುವ ಕೆಂಪು ಛಾಯೆ. ಬೆಳ್ಳಗಾದ ಕೂದಲಿನ ಮೇಲೆ ಬೆಂಕಿಯಂಥ ಕಿತ್ತಳೆ. ಒಂದೇ ಪೊಟ್ಟಣದಿಂದ ಅಕ್ಕತಂಗಿಯರಿಗೆ ಎರಡು ಬಣ್ಣ ಬಂತೆಂದರೆ ಕಂಪೆನಿಯನ್ನು ದೂರಿ ಫಲವಿಲ್ಲ.

ಮದರಂಗಿಯ ಈ ಮಿತಿ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಈಜಿಪ್ಟಿನ ಮಮ್ಮಿಗಳ ಕೂದಲು, ಉಗುರುಗಳಲ್ಲಿ ಮದರಂಗಿಯ ಕುರುಹು ಕಂಡಿದೆಯೆಂದು ಪುರಾತತ್ವಜ್ಞರು ವರದಿ ಮಾಡಿದ್ದಾರೆ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಈ ಎಲೆಯನ್ನು ನೊರೆ ಬರುವ ಇನ್ನೊಂದು ಬೇರಿನ ರಸದಲ್ಲಿ ನೆನೆಹಾಕಿ ಕೂದಲಿಗೆ ಹೊಂಬಣ್ಣ ಬರಿಸುವ ವಿಧಾನವನ್ನು ಬರೆದಿಟ್ಟ. ಕಪ್ಪು ಬರುತ್ತದೆಂದು ಆತ ಹೇಳಲಿಲ್ಲ. ಇಸ್ಲಾಮಿನ ಹದೀಸ್‌ಗಳಲ್ಲಿ ನರೆಗೆ ಮದರಂಗಿಯ ಜೊತೆ ಕತಮ್ ಎಂಬ ಇನ್ನೊಂದು ಸಸ್ಯವನ್ನು ಹೆಸರಿಸಲಾಗಿದೆ. ಇರಾನಿನಲ್ಲಂತೂ ಇದು ಎರಡು ಹಂತದ ಕಲೆಯಾಗಿಯೇ ಬೆಳೆಯಿತು. ಸ್ನಾನಗೃಹದಲ್ಲಿ ಮೊದಲು ಮದರಂಗಿ ಹಚ್ಚಿ ಗಂಟೆಗಟ್ಟಲೆ ಕುಳಿತು ತೊಳೆಯುವುದು. ಅನಂತರ ನೀಲಿ ಗಿಡದ ಎಲೆಯ ಪುಡಿಯನ್ನು ಕಲಸಿ ಹಚ್ಚುವುದು. ಕಿತ್ತಳೆಯ ಮೇಲೆ ನೀಲಿ ಕುಳಿತಾಗ ಕಂದು. ಇನ್ನಷ್ಟು ಹೊತ್ತು ಬಿಟ್ಟರೆ ಕಪ್ಪು. ಗಡ್ಡಕ್ಕೂ ಇದೇ ಉಪಚಾರ. ಬೆಳ್ಳನೆಯ ಕೂದಲಿಗೆ ಬರಿಯ ನೀಲಿಯನ್ನೇ ಹಚ್ಚಿದವರ ತಲೆ ಹಸಿರು ಮಿಶ್ರಿತ ನೀಲಿಯಾಗಿ ನಗೆಪಾಟಲಾಗುತ್ತಿದ್ದುದೂ ಉಂಟು. ನೀಲಿ ಎಲೆಗೆ ಪಾರಸಿಯಲ್ಲಿ ‘ವಸ್ಮ’ ಎನ್ನುತ್ತಾರೆ. ಕೇರಳದ ವೈದ್ಯರ ನೀಲಿಭೃಂಗಾದಿ ತೈಲದಲ್ಲೂ ಹೆಸರಿಗೆ ತಕ್ಕಂತೆ ಇದೇ ನೀಲಿ ಇದೆ. ಒಟ್ಟಿನಲ್ಲಿ ಕಪ್ಪು ಬೇಕಾದವರು ಎರಡು ಬಟ್ಟಲು ಇಟ್ಟುಕೊಳ್ಳುತ್ತಿದ್ದರು. ಯಾವ ಬಟ್ಟಲಿನಲ್ಲಿ ಏನಿದೆಯೆಂಬುದು ಅವರಿಗೆ ತಿಳಿದಿತ್ತು.

ನಮ್ಮ ಮನೆಗಳ ಅಜ್ಜಿಯರದು ಬೇರೆ ದಾರಿ. ಅವರಿಗೆ ಕಬ್ಬಿಣದ ಬಾಣಲೆಯೇ ಬೇಕು. ನೆಲ್ಲಿಚೆಟ್ಟಿನ ಪುಡಿ, ಟೀ ಡಿಕಾಕ್ಷನ್ ಬೆರೆಸಿ ಆ ಬಾಣಲೆಯಲ್ಲಿ ಇಡೀ ರಾತ್ರಿ ಮುಚ್ಚಿಡುವುದು. ಇದನ್ನು ಮೂಢನಂಬಿಕೆಯೆಂದು ನಕ್ಕವರೂ ಇದ್ದಾರೆ. ಆದರೆ ನೆಲ್ಲಿಕಾಯಿ ಮತ್ತು ಚಹಾದ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿದಾಗ ಹುಟ್ಟುವುದು ಕಪ್ಪು ವಸ್ತುವೇ. ಹಿಂದೆ ಬರವಣಿಗೆಯ ಶಾಯಿಯನ್ನು ತಯಾರಿಸುತ್ತಿದ್ದುದೂ ಒಗರು ಮತ್ತು ಕಬ್ಬಿಣದ ಇದೇ ನಂಟಿನಿಂದ. ಹೀಗಾಗಿ ಒಂದೇ ಕಂಪೆನಿಯ ಪುಡಿ ಸ್ಟೀಲು ಪಾತ್ರೆಯಲ್ಲಿ ಕಿತ್ತಳೆಯಾಗಿ, ಬಾಣಲೆಯಲ್ಲಿ ತುಸು ಮಂಕಾದ ಗಾಢ ಕೆಂಪಾಗಿ ಹಿಡಿದೀತು. ಗೋದ್ರೆಜ್‌ನ ನೂಪುರ್ ಮೆಹಂದಿ ಒಂಬತ್ತು ಗಿಡಮೂಲಿಕೆಗಳ ಬೆರಕೆಯೆಂದು ಹೆಸರು ಮಾಡಿತು. ಇಂಥ ಬೆರಕೆಗಳಲ್ಲಿ ಬರುವ ಬ್ರಾಹ್ಮಿ, ಬೇವು, ಮೆಂತ್ಯಗಳಿಗೆ ಬಣ್ಣ ಹಿಡಿಸುವ ಶಕ್ತಿಯಿಲ್ಲ. ಬಣ್ಣದ ಲೆಕ್ಕದಲ್ಲಿ ಕೆಲಸಕ್ಕೆ ಬರುವುದು ನೆಲ್ಲಿಕಾಯಿಯ ಹುಳಿ, ಒಗರು ಮಾತ್ರ. ಮೊಟ್ಟೆ, ಮೊಸರು ಬೆರೆಸಿದರೆ ಕೂದಲು ನಯವೆನಿಸಬಹುದು. ಆದರೆ ಅವುಗಳ ಪ್ರೋಟೀನಿಗೂ ಲಾಸೋನ್ ಅಂಟಿಕೊಳ್ಳುತ್ತದೆಯಾದ್ದರಿಂದ ಕೂದಲಿಗೆ ದಕ್ಕುವ ಬಣ್ಣ ಅಷ್ಟರಮಟ್ಟಿಗೆ ಕಡಿಮೆ.

ಹೆಸರು ಕಲಬೆರಕೆಯಾಗತೊಡಗಿದ್ದು 19ನೆಯ ಶತಮಾನದ ಯುರೋಪಿನಲ್ಲಿ. ಒಪೆರಾ ಗಾಯಕಿ ಅಡಲೀನ ಪಟ್ಟಿಯಂಥವರಿಂದಾಗಿ ಕೆಂಗೂದಲು ಅಲ್ಲಿ ಫ್ಯಾಷನ್ನಾಯಿತು. ಆದರೆ ಎಲ್ಲರಿಗೂ ಕೆಂಪೇ ಬೇಕೇ? ವ್ಯಾಪಾರಿಗಳು ‘ಕಪ್ಪು ಹೆನ್ನಾ’ ಎಂದು ನೀಲಿ ಎಲೆಯನ್ನೂ, ‘ಬಣ್ಣವಿಲ್ಲದ ಹೆನ್ನಾ’ ಎಂದು ಸೋನಾಮುಖಿ ಜಾತಿಯ ಕ್ಯಾಸಿಯ ಎಲೆಯನ್ನೂ ಮಾರಿದರು. ಇವಾದರೂ ಗಿಡಗಳು. 20ನೆಯ ಶತಮಾನದ ಆರಂಭದ ಹೊತ್ತಿಗೆ ಸೀಸ, ತಾಮ್ರ, ಬೆಳ್ಳಿಯ ಲವಣಗಳನ್ನು ಎಲೆಯ ಪುಡಿಗೆ ಬೆರೆಸಿದ ‘ಮಿಶ್ರ ಹೆನ್ನಾ’ಗಳು ಅಂಗಡಿ ತುಂಬಿದವು. ಲೋಹದ ಲವಣ ಕೂತ ಕೂದಲಿಗೆ ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ತಗುಲಿದರೆ ಬಿಸಿ ಹುಟ್ಟಿ ಕೂದಲು ಸುಟ್ಟಂತಾಗುತ್ತದೆ. ‘ಮೆಹಂದಿ ಹಚ್ಚಿದ ಕೂದಲನ್ನು ಮುಟ್ಟುವುದಿಲ್ಲ’ ಎಂದು ಬ್ಯೂಟಿ ಪಾರ್ಲರುಗಳಲ್ಲಿ ಕೇಳಿಬರುವ ಮಾತಿನ ಹಿಂದಿರುವುದು ಈ ಅನುಭವ. ತಪ್ಪು ಲವಣದ್ದು, ಕೆಟ್ಟ ಹೆಸರು ಎಲೆಗೆ.

ಅಷ್ಟರಲ್ಲಿ ಇನ್ನೊಂದು ವಸ್ತು ರಂಗಕ್ಕೆ ಬಂದಿತ್ತು. ಡಾಂಬರಿನ ಮೂಲದಿಂದ ಬಣ್ಣಗಳನ್ನು ತೆಗೆಯುವ ವಿದ್ಯೆ ಬೆಳೆಯುತ್ತಿದ್ದ ಕಾಲ. 1863ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹಾಫ್‌ಮನ್ ವಿವರಿಸಿದ ಪ್ಯಾರಾ-ಫಿನೈಲೀನ್‌ಡೈಅಮೀನ್, ಅಂದರೆ ಪಿಪಿಡಿ, 1883ರಲ್ಲಿ ಫ್ರಾನ್ಸಿನಲ್ಲಿ ಕೂದಲ ಬಣ್ಣವಾಗಿ ಪೇಟೆಂಟ್ ಪಡೆಯಿತು. ಅರ್ಧ ಗಂಟೆಯಲ್ಲಿ ಗಾಢವಾದ ಕಪ್ಪು! ಎಲೆಗೆ ಅಂಥ ಸಾಮರ್ಥ್ಯ ಎಲ್ಲಿಂದ ಬರಬೇಕು? ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. 1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣದಲ್ಲಿದ್ದ ಇದೇ ಜಾತಿಯ ರಾಸಾಯನಿಕದಿಂದ ಹೆಂಗಸರು ಕಣ್ಣು ಕಳೆದುಕೊಂಡರು. 1938ರಲ್ಲಿ ಆ ದೇಶ ಸೌಂದರ್ಯವರ್ಧಕಗಳಿಗೂ ಕಾನೂನು ತರಲು ಕಾರಣವಾದ ದುರಂತಗಳಲ್ಲಿ ಇದೂ ಒಂದು. ಇಂದು ಭಾರತದ ನಿಯಮಗಳ ಪ್ರಕಾರವೂ ಇಂಥ ಬಣ್ಣಗಳ ಪೊಟ್ಟಣದ ಮೇಲೆ, ಮೊದಲು ಚರ್ಮದ ಮೇಲೆ ಪರೀಕ್ಷಿಸಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ ಎಂಬ ಎಚ್ಚರಿಕೆ ಇರಲೇಬೇಕು.

ನಮ್ಮ ಪೇಟೆಗಳಲ್ಲಿ ‘ಕಾಲಿ ಮೆಹಂದಿ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಪುಡಿಗಳಲ್ಲಿ ಕೆಲಸ ಮಾಡುವುದು ಪಿಪಿಡಿ; ಎಲೆ ಜೊತೆಗಾರ ಮಾತ್ರ. ಕೈಗೆಟುಕುವ ಬೆಲೆಯ ಸಣ್ಣ ಸ್ಯಾಶೆಗಳಲ್ಲಿ ಅದು ಹಳ್ಳಿಗಳನ್ನೂ ತಲುಪಿತು. ಹೆಚ್ಚಿನವರಿಗೆ ಅದರಿಂದ ತೊಂದರೆಯಾಗುವುದಿಲ್ಲ ಎಂಬುದು ನಿಜ. ಆದರೆ ಒಗ್ಗದವರಿಗೆ ನೆತ್ತಿ ತುರಿಸಿ, ಕಿವಿಯ ಹಿಂದೆ ನೀರುಗುಳ್ಳೆಯೆದ್ದು, ಮರುದಿನ ಕಣ್ಣು ತೆರೆಯಲಾಗದಷ್ಟು ಮುಖ ಊದಿಕೊಳ್ಳುತ್ತದೆ. ಒಮ್ಮೆ ಅಲರ್ಜಿ ಅಂಟಿತೆಂದರೆ ಅದು ಸಾಮಾನ್ಯವಾಗಿ ಜೀವನಪರ್ಯಂತ. ಅಮೆರಿಕದ ಚರ್ಮತಜ್ಞರ ಸಂಘವೊಂದು 2006ರಲ್ಲಿ ಪಿಪಿಡಿಯನ್ನೇ ವರ್ಷದ ಅಲರ್ಜಿಕಾರಕವೆಂದು ಆರಿಸಿ ವೈದ್ಯರ ಗಮನ ಸೆಳೆದಿತ್ತು. ಪ್ರವಾಸಿ ತಾಣಗಳಲ್ಲಿ ಮಕ್ಕಳ ಕೈಗೆ ಬಿಡಿಸುವ ಕಪ್ಪು ಮೆಹಂದಿಯ ಚಿತ್ತಾರದಿಂದಲೂ ಈ ಅಲರ್ಜಿ ಬೇರೂರಿ, ಹಲವು ವರ್ಷಗಳ ಬಳಿಕ ಮೊದಲ ಬಾರಿಗೆ ಕೂದಲಿಗೆ ಬಣ್ಣ ಹಚ್ಚಿದಾಗ ಹೊರಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇಂಥ ರೋಗಿ ‘ನಾನು ಹಚ್ಚಿದ್ದು ಬರೀ ಮೆಹಂದಿ’ ಎಂದಾಗ ವೈದ್ಯರೂ ಒಂದು ಕ್ಷಣ ದಾರಿ ತಪ್ಪುತ್ತಾರೆ. ಹೆಸರಿನ ಗೊಂದಲ ಬರಿಯ ಭಾಷೆಯ ವಿಷಯವಾಗಿ ಉಳಿಯುವುದಿಲ್ಲ.

ಹಾಗಾದರೆ ಬರಿಯ ಎಲೆಯನ್ನೇ ಮಾರುವ ಕಂಪೆನಿಗಳ ನಡುವೆ ವ್ಯತ್ಯಾಸವೇ ಇಲ್ಲವೆ? ಇದೆ. ಅದನ್ನು ಅರಿಯಲು ರಾಜಸ್ಥಾನದ ಪಾಲಿ ಜಿಲ್ಲೆಗೆ ಹೋಗಬೇಕು. ಅಲ್ಲಿನ ಸೋಜತ್ ಪಟ್ಟಣ ದೇಶದ ಮದರಂಗಿ ವ್ಯಾಪಾರದ ಕೇಂದ್ರ. ಮಳೆ ಕಡಿಮೆ, ಬಿಸಿಲು ಹೆಚ್ಚು. ಮದರಂಗಿಗೆ ಇದೇ ಹಿತ. ಒಮ್ಮೆ ನೆಟ್ಟ ಗಿಡ ಎರಡು ದಶಕ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಎಲೆ ಕೊಡುತ್ತದೆ. ಮಳೆಗಾಲ ಕಳೆದ ಮೇಲೆ ದೊಡ್ಡ ಕೊಯ್ಲು. ಮುಳ್ಳಿನ ಕಾರಣಕ್ಕೆ ಕೂಲಿಯವರು ಕೈಗೆ ಗವಸು ಹಾಕಿಕೊಂಡು ಕುಡುಗೋಲಿನಿಂದ ಗಿಡವನ್ನು ಬುಡದವರೆಗೆ ಕೊಯ್ಯುತ್ತಾರೆ. ಕೊಯ್ದ ಎಲೆಯ ಮೇಲೆ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಬಣ್ಣವೂ ಬೆಲೆಯೂ ಇಳಿಯುತ್ತವೆ. ಎಳೆಯ ಎಲೆಯಲ್ಲಿ ಬಣ್ಣ ಹೆಚ್ಚು, ಬಲಿತದ್ದರಲ್ಲಿ ಕಡಿಮೆ, ಕಡ್ಡಿಯಲ್ಲಂತೂ ನೆಪಮಾತ್ರ. ಎಷ್ಟು ಕಡ್ಡಿ ಸೇರಿಸಿ ಅರೆದರು, ಎಷ್ಟು ನಯವಾಗಿ ಜರಡಿ ಹಿಡಿದರು, ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತು ಎಂಬುದರಲ್ಲಿ ಕಂಪೆನಿ ಕಂಪೆನಿಗಳ ಅಂತರ ಅಡಗಿದೆ. ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹಳೆಯ ಪುಡಿಯ ಕಂದು ಮರೆಮಾಚಲು ಹಸಿರು ಬಣ್ಣವನ್ನೂ, ಕೆಂಪು ಹೆಚ್ಚಿಸಲು ಸೋಡಿಯಂ ಪಿಕ್ರಮೇಟ್ ಎಂಬ ಕೃತಕ ಬಣ್ಣವನ್ನೂ ಬೆರೆಸುವವರಿರುವುದರಿಂದ, ಪುಡಿ ಹಸಿರಾಗಿದೆಯೆಂದ ಮಾತ್ರಕ್ಕೆ ತಾಜಾ ಎನ್ನಲಾಗದು.

ಎರಡು ಪೊಟ್ಟಣಗಳನ್ನು ಹೋಲಿಸಬಯಸುವವರಿಗೆ ಪ್ರಯೋಗಾಲಯವೇನೂ ಬೇಡ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಬಟ್ಟೆಯ ಮೇಲಿಟ್ಟರೆ ಎಲೆಯ ಬಣ್ಣ ನಿಧಾನವಾಗಿ ಕಿತ್ತಳೆಗಂದಾಗಿ ಮೂಡುತ್ತದೆ. ನೀರು ತಕ್ಷಣ ಕಡುಹಸಿರಾದರೆ ಅಥವಾ ಕಲಸಿದ್ದು ನಿಮಿಷಗಳಲ್ಲಿ ಕಪ್ಪಿಟ್ಟರೆ ಒಳಗೆ ಬೇರೇನೋ ಇದೆಯೆಂದು ಅನುಮಾನಿಸಬೇಕು. ಗಡಿಯಾರವೂ ಒಳ್ಳೆಯ ಸಾಕ್ಷಿ: ನರೆಗೂದಲಿಗೆ ಎಲೆಯ ಬಣ್ಣ ಗಟ್ಟಿಯಾಗಿ ಹಿಡಿಯಲು ಎರಡು ಮೂರು ಗಂಟೆಗಳಾದರೂ ಬೇಕು, ಅರ್ಧ ಗಂಟೆಯಲ್ಲಿ ಕಪ್ಪು ಎಂಬ ಭರವಸೆಯನ್ನು ಎಲೆ ಕೊಡಲಾರದು. ಹಚ್ಚುವ ಮುನ್ನ ಬಾಚಣಿಗೆಯಲ್ಲಿ ಉಳಿದ ಬಿಳಿಗೂದಲಿನ ಎರಡು ಗಂಟುಗಳಿಗೆ ಒಂದೊಂದು ಕಂಪೆನಿಯ ಪುಡಿಯನ್ನು ಒಂದೇ ಪಾತ್ರೆ, ಒಂದೇ ನೀರು, ಒಂದೇ ಹೊತ್ತಿನ ಲೆಕ್ಕದಲ್ಲಿ ಹಚ್ಚಿ ನೋಡಬಹುದು. ತೀರ್ಪನ್ನು ಮಾತ್ರ ಅಂದೇ ಕೊಡಬಾರದು. ತೊಳೆದ ದಿನ ಕಣ್ಣು ಕುಕ್ಕುವ ಕಿತ್ತಳೆ ಗಾಳಿಗೆ ಮಾಗಿ ತನ್ನ ನಿಜವಾದ ಕಡುಗೆಂಪಿಗೆ ಬಂದು ನಿಲ್ಲುವುದು ಎರಡು ಮೂರು ದಿನ ಕಳೆದ ಮೇಲೆ.