ಮೃದ್ವಸ್ಥಿ ಗೆಡ್ಡೆ: ನೂರಕ್ಕೆ ಎಷ್ಟು, ಯಾವ ನೂರಕ್ಕೆ?

ಮುಂಬೈ ಬಳಿಯ ಬದಲಾಪುರದಲ್ಲಿ ಯಾರೋ ಕಾಲು ಜಾರಿ ಬಿದ್ದು ಮಂಡಿಯ ಎಕ್ಸ್‌ರೇ ತೆಗೆಸುತ್ತಾರೆ ಎನ್ನೋಣ. ಬಿದ್ದ ಪೆಟ್ಟಿಗೆ ಸಂಬಂಧವೇ ಇಲ್ಲದ ಗುರುತೊಂದು ತೊಡೆಮೂಳೆಯ ಕೆಳತುದಿಯೊಳಗೆ ಕಾಣುವುದುಂಟು: ಜೋಳದ ಅರಳು ಚೆಲ್ಲಿದಂಥ ಬಿಳಿ ಚುಕ್ಕೆಗಳು, ಅಲ್ಲಲ್ಲಿ ಪುಟ್ಟ ಉಂಗುರಗಳು. ರಿಪೋರ್ಟಿನಲ್ಲಿ ‘ಎನ್‌ಕಾಂಡ್ರೋಮಾ’ ಎಂದಿರುತ್ತದೆ. ಮೂಳೆಯೊಳಗೆ ಬೆಳೆದ ಮೃದ್ವಸ್ಥಿಯ ನಿರಪಾಯ ಗೆಡ್ಡೆ. ಮುಂದೆ ಇದು ಕ್ಯಾನ್ಸರ್ ಆಗುತ್ತದೆಯೇ ಎಂಬುದೇ ಮನೆಯವರ ಮೊದಲ ಪ್ರಶ್ನೆ.

ಉತ್ತರವಾಗಿ ಸಿಗುವ ಶೇಕಡಾ ಲೆಕ್ಕ ಹುಟ್ಟುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಕಡತಗಳಲ್ಲಿ. ಬದಲಾಪುರದಿಂದ ಲೋಕಲ್ ರೈಲು ಹಿಡಿದು, 1941ರಿಂದ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯವರೆಗೆ ಹೋಗುವವರು ಯಾರು? ನೋವಿರುವವರು, ಗಂಟು ಬೆಳೆಯುತ್ತಿರುವವರು, ವೈದ್ಯರಿಗೆ ಅನುಮಾನ ಬಂದವರು. ಗೆಡ್ಡೆ ಇರುವುದೇ ತಿಳಿಯದೆ ಅದೇ ಲೋಕಲ್‌ನಲ್ಲಿ ದಿನವೂ ನಿಂತು ಹೋಗುವವರು ಯಾವ ಕಡತಕ್ಕೂ ಸೇರುವುದಿಲ್ಲ. ಅವರೇನೂ ವಿರಳವಲ್ಲ. 2008ರ ಅಧ್ಯಯನವೊಂದರಲ್ಲಿ, ಬೇರೆ ಕಾರಣಕ್ಕೆ ತೆಗೆದ ಮಂಡಿಯ ಎಂಆರ್‌ಐಗಳಲ್ಲಿ ಶೇ. 2.9ರಷ್ಟರಲ್ಲಿ ಎನ್‌ಕಾಂಡ್ರೋಮಾ ಸಿಕ್ಕಿತ್ತು. ಇವರನ್ನು ಬಿಟ್ಟು ಲೆಕ್ಕ ಹಾಕಿದರೆ ಛೇದ ಚಿಕ್ಕದಾಗಿ ಅಪಾಯ ಉಬ್ಬುತ್ತದೆ. ಒಂಟಿ ಗೆಡ್ಡೆಯ ಬಗ್ಗೆ, ಅದರಲ್ಲೂ ಕೈಬೆರಳಿನ ಮೂಳೆಯದರ ಬಗ್ಗೆ, ಭಯ ಅತಿಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಹಲವು ಮೂಳೆಗಳಲ್ಲಿ ಗೆಡ್ಡೆ ಇರುವ ಓಲಿಯೇ ರೋಗದ ಮಾತು ಬೇರೆ. ಅದೂ, ರಕ್ತನಾಳದ ಗಂಟುಗಳೂ ಕೂಡಿರುವ ಮಫೂಚಿ ಸಿಂಡ್ರೋಮೂ ಸೇರಿ 161 ರೋಗಿಗಳನ್ನು 2011ರಲ್ಲಿ ಪರಿಶೀಲಿಸಿದಾಗ, ಸುಮಾರು ಶೇ. 40ರಷ್ಟು ಮಂದಿಗೆ ಕಾಂಡ್ರೋಸಾರ್ಕೋಮಾ, ಅಂದರೆ ಮೃದ್ವಸ್ಥಿಯ ಕ್ಯಾನ್ಸರ್, ಬಂದಿತ್ತು. ಗೆಡ್ಡೆಗಳು ಕೈಕಾಲುಗಳ ಸಣ್ಣ ಮೂಳೆಗಳಿಗಷ್ಟೇ ಸೀಮಿತವಾಗಿದ್ದವರಲ್ಲಿ ಅದು ಶೇ. 15. ಇವೂ ದೊಡ್ಡ ಕೇಂದ್ರಗಳ ಅಂಕಿಗಳೇ. ಆದರೂ ಇಲ್ಲಿ ಛೇದವನ್ನು ಎಷ್ಟು ಹಿಗ್ಗಿಸಿದರೂ ಅಪಾಯ ಅಲ್ಪವಾಗದು. ಜೀವನಪೂರ್ತಿ ತಪಾಸಣೆ ಬೇಕು.

ಮೂಳೆಯ ಹೊರಮೈಯಲ್ಲಿ ಮೊಳೆಯುವ ಆಸ್ಟಿಯೋಕಾಂಡ್ರೋಮಾ ಒಂಟಿಯಾಗಿದ್ದರೆ ಕೆಡುವ ಸಾಧ್ಯತೆ ಸುಮಾರು ಶೇ. 1 ಅಥವಾ ಅದಕ್ಕೂ ಕಡಿಮೆ. ಇಎಕ್ಸ್‌ಟಿ1, ಇಎಕ್ಸ್‌ಟಿ2 ಜೀನ್‌ಗಳ ದೋಷದಿಂದ ಮನೆತನದಲ್ಲಿ ಹರಿದುಬರುವ ಬಹುಗೆಡ್ಡೆಯಲ್ಲಿ ಅದು ಹೆಚ್ಚು. ಎತ್ತರ ಬೆಳೆಯುವುದು ನಿಂತ ಮೇಲೆ ಈ ಗೆಡ್ಡೆಯ ಬೆಳವಣಿಗೆಯೂ ನಿಲ್ಲಬೇಕು. ವಯಸ್ಕರಲ್ಲಿ ಮತ್ತೆ ಬೆಳೆದರೆ, ಮೇಲಿನ ಮೃದ್ವಸ್ಥಿಯ ಟೋಪಿ 2 ಸೆಂ.ಮೀ. ದಾಟಿದರೆ, ಸುಮ್ಮನಿರುವಂತಿಲ್ಲ. ಎನ್‌ಕಾಂಡ್ರೋಮಾದಲ್ಲಿ ನೋಡಬೇಕಾದದ್ದು ಪೆಟ್ಟು ಬೀಳದೆಯೇ ಬರುವ ರಾತ್ರಿನೋವು, ಒಳಗಿನಿಂದ ಆಳವಾಗಿ ಸವೆದ ಮೂಳೆಗೋಡೆ.

ಸೂಕ್ಷ್ಮದರ್ಶಕದಡಿ ಎನ್‌ಕಾಂಡ್ರೋಮಾಕ್ಕೂ ಕೆಳದರ್ಜೆಯ ಕಾಂಡ್ರೋಸಾರ್ಕೋಮಾಕ್ಕೂ ವ್ಯತ್ಯಾಸ ಕಡಿಮೆ. ನುರಿತ ರೋಗಶಾಸ್ತ್ರಜ್ಞರಲ್ಲೇ ಒಮ್ಮತವಿರುವುದಿಲ್ಲ. ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಳ್ಳದೆ ಬರೀ ಸ್ಲೈಡ್ ಓದಿ ಹೇಳಿದ ತೀರ್ಪನ್ನು ನಂಬುವುದು ಕಷ್ಟ. ಸಾಮಾನ್ಯ ಕಾಂಡ್ರೋಸಾರ್ಕೋಮಾ ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಮುಖ್ಯ. ಬಯಾಪ್ಸಿಯ ಸೂಜಿ ಹಾದ ದಾರಿಯನ್ನೂ ಆಗ ಕತ್ತರಿಸಿ ತೆಗೆಯಬೇಕಾಗಬಹುದು. ಹೀಗಾಗಿ ಅನುಮಾನವಿದ್ದಲ್ಲಿ ಬಯಾಪ್ಸಿಯನ್ನು ಊರಲ್ಲೇ ಮುಗಿಸಿಕೊಂಡು ಹೋಗುವುದಕ್ಕಿಂತ, ಎಕ್ಸ್‌ರೇ ಫಿಲ್ಮ್ ಹಿಡಿದು ಮೊದಲು ಶಸ್ತ್ರಚಿಕಿತ್ಸೆ ಮಾಡುವ ತಂಡವನ್ನೇ ಕಾಣುವುದು ಲೇಸು.