ನೀರಿನೊಳಗಿಂದ ಕಂಡ ಕದನ

1894ರ ಸೆಪ್ಟೆಂಬರ್ 17ರಂದು, ಯಾಲು ನದಿ ಕಡಲು ಸೇರುವ ಕಡೆ, ಹಳದಿ ಸಮುದ್ರದಲ್ಲಿ ಜಪಾನ್ ಮತ್ತು ಚೀನಾದ ಯುದ್ಧನೌಕೆಗಳು ಎದುರುಬದುರಾದವು. ಚೀನಾದ ಡಿಂಗ್‌ಯುವಾನ್, ಝೆನ್‌ಯುವಾನ್ ಹಡಗುಗಳ 305 ಮಿ.ಮೀ. ಫಿರಂಗಿಗಳಿಗೆ ಎದುರಾಗಿ ಜಪಾನಿನ ಬಳಿ ಬೇಗಬೇಗ ಗುಂಡು ಹಾರಿಸುವ ಸಣ್ಣ ಫಿರಂಗಿಗಳಿದ್ದವು. ಈ ಕದನದಲ್ಲಿ ಚೀನಾ ಐದು ಹಡಗು ಕಳೆದುಕೊಂಡಿತು. ಜಪಾನಿನ ಹಡಗು ಒಂದೂ ಮುಳುಗಲಿಲ್ಲ. ತಂತಿಯಲ್ಲಿ ಬಂದ ಸುದ್ದಿ ಹಿಡಿದು ಟೋಕಿಯೊದ ಚಿತ್ರಕಾರರು ಕೆಲಸಕ್ಕೆ ಕೂತರು. ಆ ಕಡಲನ್ನು ಅವರಲ್ಲಿ ಹೆಚ್ಚಿನವರು ಕಂಡೇ ಇರಲಿಲ್ಲ.

ಮರದಚ್ಚಿನ ಬಹುವರ್ಣ ಚಿತ್ರಕಲೆ 1765ರ ಸುಮಾರಿಗೆ ಅಲ್ಲಿ ಬೇರೂರಿತ್ತು. ಬರೆಯುವವನು ಒಬ್ಬ, ಕಾಡುಚೆರಿ ಮರದ ಹಲಗೆ ಕೆತ್ತುವವನು ಇನ್ನೊಬ್ಬ, ಅಚ್ಚೊತ್ತುವವನು ಮತ್ತೊಬ್ಬ. ಬಣ್ಣ ಬದಲಾದಂತೆ ಹಲಗೆಯೂ ಬದಲಾಗಬೇಕು. ಫೋಟೊ, ಪತ್ರಿಕೆಗಳ ಮುಂದೆ ಸೊರಗಿದ್ದ ಈ ಕಸುಬಿಗೆ ಚೀನಾ–ಜಪಾನ್ ಯುದ್ಧ ಮತ್ತೆ ಉಸಿರು ತುಂಬಿತು. ಈ ಒಂದೇ ಯುದ್ಧದ ಬಗ್ಗೆ ಸುಮಾರು 3,000 ಚಿತ್ರಗಳು ಬಂದವೆಂಬ ಅಂದಾಜಿದೆ. ಮೂರು ಹಾಳೆ ಪಕ್ಕಪಕ್ಕ ಇಟ್ಟರೆ ಒಂದು ಚಿತ್ರ, ಮುಕ್ಕಾಲು ಮೀಟರ್ ಅಗಲದ ಕಡಲು.

ಈ ರಾಶಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಕೊಬಯಾಶಿ ಕಿಯೊಚಿಕಾ. 1876ರಿಂದಲೇ ಅವನು ಬೀದಿದೀಪ, ಬೆಂಕಿ, ಮಳೆಯ ರಾತ್ರಿಗಳನ್ನು ಬೆಳಕಿನ ಚಿತ್ರಗಳಾಗಿ ಬರೆದಿದ್ದ. ಹಳದಿ ಸಮುದ್ರದ ಕದನಕ್ಕೆ ಬಂದಾಗ ನೋಟವನ್ನು ಅಲೆಗಳ ಕೆಳಗೆ ಇಳಿಸಿದ. ಮೇಲೆ ಹೊಗೆ, ಹಡಗುಗಳು. ಕೆಳಗೆ ನೀರಿನಲ್ಲಿ ತಳ ಸೇರುತ್ತಿರುವ ಚೀನೀ ಹಡಗು, ಅದರ ಜೊತೆ ಮುಳುಗುತ್ತಿರುವ ಜನ. ಗೆಲುವನ್ನು ಸಾರಲೆಂದೇ ಮಾಡಿದ ಚಿತ್ರವಿದು, ನಿಜ. ಆದರೂ ನೀರಿನೊಳಗಿನ ಆ ಸಾವುಗಳನ್ನು ಕಂಡ ಕಣ್ಣು ಮೇಲಿನ ಹಡಗುಗಳಿಗೆ ಮರಳಲು ತಡವರಿಸುತ್ತದೆ. ಅಂದು ಮುಳುಗಿದ ಝಿಯುವಾನ್ ಹಡಗಿನೊಂದಿಗೆ ಅದರ ಕಪ್ತಾನ ಡೆಂಗ್ ಶಿಚಾಂಗ್ ಕೂಡ ಸತ್ತ.

ಉಳಿದ ಚಿತ್ರಕಾರರ ಬಗ್ಗೆ ಇಷ್ಟು ಧಾರಾಳವಾಗಿ ಹೇಳಲಾರೆ. ಅನೇಕ ಚಿತ್ರಗಳಲ್ಲಿ ಚೀನೀ ಸೈನಿಕರ ಮುಖಗಳನ್ನು ವಿಕಾರಗೊಳಿಸಲಾಗಿದೆ. ಕೆತ್ತನೆ ಎಷ್ಟೇ ನಯವಾಗಿರಲಿ, ಆ ತಿರಸ್ಕಾರವನ್ನು ಮನ್ನಿಸಲಾಗದು. ಅದೇ ಕದನದಲ್ಲಿ ಜಪಾನಿನ ಮುಂದಾಳು ಹಡಗು ಮತ್ಸುಶಿಮಾ ಕೂಡ ಗುಂಡು ತಗುಲಿ, ಮದ್ದು ಸಿಡಿದು, ನಾವಿಕರನ್ನು ಕಳೆದುಕೊಂಡಿತ್ತು. ಕಿಯೊಚಿಕಾ ಅದನ್ನೂ ಬಿಡಲಿಲ್ಲ: ಸಾಯುತ್ತಿರುವ ನಾವಿಕನೊಬ್ಬ ಶತ್ರುಹಡಗು ಮುಳುಗಿತೇ ಎಂದು ಕೇಳುವ ಚಿತ್ರ ಅವನದೇ.

1904ರ ರಷ್ಯಾ–ಜಪಾನ್ ಯುದ್ಧದ ಹೊತ್ತಿಗೆ ಫೋಟೊ, ಚಿತ್ರದ ಅಂಚೆಕಾರ್ಡುಗಳದ್ದೇ ಕಾಲ. ಮರದಚ್ಚಿನ ಯುದ್ಧಚಿತ್ರ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಉಕಿಯೊ-ಎ ಎಂಬ ಹಳೆಯ ಮರದಚ್ಚಿನ ಚಿತ್ರಗಳನ್ನು ಹುಡುಕುತ್ತಿದ್ದ ಸಂಗ್ರಾಹಕರು ಇವನ್ನು ಬಹುಕಾಲ ಕೀಳೆಂದು ಬದಿಗಿಟ್ಟರು. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ಶಾರ್ಫ್ ದಂಪತಿಯ ಸಂಗ್ರಹ ಬಂದು, 2001ರಲ್ಲಿ ಈ ಯುದ್ಧಗಳು ನಡೆದ ಮೇಜಿ ಕಾಲದ ಅಚ್ಚುಗಳ ಪ್ರದರ್ಶನ ನಡೆದ ಮೇಲೆ ನೋಟ ಬದಲಾಯಿತು.

ಈಗ ಕೊಳ್ಳುವವರು ಮೊದಲು ಮೂರು ಹಾಳೆಯೂ ಇದೆಯೇ, ಅಂಚು ಕತ್ತರಿಸಿದ್ದಾರೆಯೇ ಎಂದು ನೋಡುತ್ತಾರೆ. ಆಮೇಲೆ ಹಾಳೆ ತಿರುಗಿಸಿ ಬೆಳಕಿಗೆ ಹಿಡಿಯುತ್ತಾರೆ. ಕಡಲಿನ ಬಣ್ಣ ಕಾಗದ ದಾಟಿ ಹಿಂದಕ್ಕೂ ಇಳಿದಿರುತ್ತದೆ. ಅದರ ಮೇಲೆ ಅಚ್ಚೊತ್ತಿದವನು ಅಂಗೈಯಗಲದ ಒತ್ತುಬಿಲ್ಲೆಯಿಂದ ಉಜ್ಜಿದ ಸುತ್ತುಗೆರೆಗಳು ಕಾಣುತ್ತವೆ.